ಕೂಸು ಯಾಕೆ ಅಳುತ್ತದೆ?

(ಕಲಿಕಾ ಕೇಂದ್ರದ ಅಕ್ಕತಂಗಿಯರ ಮುಂದೆ ಆಡಿದ ಮಾತು)

ಹಗಲೆಲ್ಲ ಹೊಲದಲ್ಲಿ ದುಡಿದಿದ್ದೀರಿ. ಮನೆಗೆ ಬಂದು ರೊಟ್ಟಿ ಬಡಿದಿದ್ದೀರಿ. ಎಲ್ಲರಿಗೂ ಉಣ್ಣಲು ಇಟ್ಟು ಇಲ್ಲಿಗೆ ಬಂದಿದ್ದೀರಿ. ಕೆಲವರು ಕಂಕುಳಲ್ಲಿ ಕೂಸನ್ನೂ ಎತ್ತಿಕೊಂಡು ಬಂದಿದ್ದೀರಿ. ಒಳ್ಳೆಯದೇ ಆಯಿತು. ಇವತ್ತಿನ ಮಾತು ಕೂಸಿನದೇ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಇಲ್ಲಿನ ಯಾವ ಊರಿಗೇ ಹೋಗಿ, ಯಾವ ತಾಂಡಾಕ್ಕೇ ಹೋಗಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಮನೆಯಲ್ಲಾದರೂ ಕೂಸು ಅಳುತ್ತಿರುತ್ತದೆ. ಸುಮ್ಮನೆ ಅಲ್ಲ. ಮುಖ ಕೆಂಪಗೆ ಮಾಡಿ, ಮುಷ್ಟಿ ಬಿಗಿ ಹಿಡಿದು, ಕಾಲು ಹೊಟ್ಟೆಗೆ ಎಳೆದುಕೊಂಡು ಅಳುತ್ತದೆ.

ಆಗ ಒಬ್ಬೊಬ್ಬರು ಒಂದೊಂದು ಮಾತು ಆಡುತ್ತಾರೆ.

"ಹೊಟ್ಟೆ ನುಲೀತೈತಿ" ಅಂತಾರೆ ಒಬ್ಬರು.

"ದೃಷ್ಟಿ ಆಗೈತಿ" ಅಂತಾರೆ ಇನ್ನೊಬ್ಬರು.

"ನಿನ್ನ ಹಾಲು ಸಾಲವಲ್ದು" ಅಂತಾರೆ ಮತ್ತೊಬ್ಬರು.

"ಬದನೆಕಾಯಿ ತಿಂದೀದಿ, ಅದಕ್ಕ ಹಿಂಗಾಗೈತಿ" ಅಂತಾರೆ ಮಗದೊಬ್ಬರು.

ಕೊನೆಗೆ ಬೈಗುಳ ಬೀಳುವುದು ಬಾಣಂತಿಗೇ. ನೋವು ಬೀಳುವುದು ಕೂಸಿಗೇ. ಯಾಕೆಂದರೆ ಯಾರೋ ಗ್ರೈಪ್ ವಾಟರ್ ಕುಡಿಸುತ್ತಾರೆ. ಯಾರೋ ಬಜೆ ತೇದು ನೆಕ್ಕಿಸುತ್ತಾರೆ. ಇನ್ನು ಕೆಲವರು ಹೊಟ್ಟೆಗೆ ಚುಟಿಗೆ ಹಾಕಿಸುತ್ತಾರೆ.

ಕೂಸು ಅತ್ತಾಗ ಮದ್ದಿಗೆ ಕೈ ಹಾಕುವ ಮೊದಲು ಕಣ್ಣಿಟ್ಟು ನೋಡಬೇಕು. ಯಾವ ಅಳು ತಾನಾಗಿ ಹೋಗುವಂಥದ್ದು, ಯಾವ ಅಳಿಗೆ ಆಸ್ಪತ್ರೆ ಬೇಕು ಎಂದು ಗುರುತಿಸಬೇಕು. ಇವತ್ತು ಅದನ್ನೇ ಕಲಿಯೋಣ.

ಅಳು ಕೂಸಿನ ಮಾತು

ಅತ್ತರೆ ತಾನೇ ತಾಯಿ ಹಾಲು ಕೊಡುವುದು? ನಮ್ಮ ಹಿರಿಯರು ಆಡುವ ಮಾತು ಇದು. ಕೂಸಿಗೆ ಮಾತು ಬರುವುದಿಲ್ಲ. ಹಸಿವಾದರೂ ಅಳುತ್ತದೆ, ನಿದ್ದೆ ಬಂದರೂ ಅಳುತ್ತದೆ. ಎತ್ತಿಕೋ ಎಂದು ಹೇಳುವುದಕ್ಕೂ ಅಳುತ್ತದೆ. ಆದ್ದರಿಂದ ಪ್ರತಿ ಅಳುವೂ ಹೊಟ್ಟೆನೋವಲ್ಲ.

ಮೊದಲು ಇಷ್ಟು ನೋಡಿ.

ಬಟ್ಟೆ ಹಸಿ ಆಗಿದೆಯೇ? ಬಟ್ಟೆ ಬಿಚ್ಚಿ ಮೈಯೆಲ್ಲ ನೋಡಿ. ಇರುವೆ ಕಚ್ಚಿದೆಯೇ? ಉಡಿದಾರ ಬಿಗಿಯಾಗಿದೆಯೇ? ಕೈಬಳೆ ಒತ್ತುತ್ತಿದೆಯೇ? ಕಾಲ್ಬೆರಳಿಗೆ ತಲೆಗೂದಲು ಅಥವಾ ನೂಲು ಸುತ್ತಿಕೊಂಡಿದೆಯೇ? ಬಾಯೊಳಗೆ ಬಿಳಿ ಮಚ್ಚೆ ಇವೆಯೇ? ತೊಡೆಸಂದಿನಲ್ಲಿ ಗಂಟು ಕಾಣುತ್ತದೆಯೇ?

ನಮ್ಮದು ಬಿಸಿಲು ನಾಡು. ಏಪ್ರಿಲ್, ಮೇ ತಿಂಗಳಲ್ಲಿ ನಮಗೇ ಒಳಗೆ ಕೂಡಲು ಆಗುವುದಿಲ್ಲ. ಅಂಥ ಬಿಸಿಲಲ್ಲೂ ಕೂಸಿಗೆ ಕುಂಚಿಗೆ ಕಟ್ಟಿ, ಉಣ್ಣೆ ಬಟ್ಟೆ ಸುತ್ತಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಲಗಿಸುವುದುಂಟು. ಕೂಸು ಸೆಕೆಗೂ ಅಳುತ್ತದೆ. ತೆಳ್ಳನೆ ಹತ್ತಿ ಬಟ್ಟೆ ಸಾಕು. ಸ್ವಲ್ಪ ಗಾಳಿ ಆಡಲಿ.

ಕೂಸಿನ ಹೊಟ್ಟೆ ಎಷ್ಟು ದೊಡ್ಡದು?

ಹುಟ್ಟಿದ ದಿನ ಕೂಸಿನ ಹೊಟ್ಟೆಯ ಚೀಲ ಒಂದು ಬೋರೆಹಣ್ಣಿನಷ್ಟು ಇರುತ್ತದೆ. ಒಂದು ಚಮಚೆ ಹಾಲಿಗೇ ಅದು ತುಂಬುತ್ತದೆ. ಒಂದು ವಾರಕ್ಕೆ ದೊಡ್ಡ ಲಿಂಬೆಹಣ್ಣಿನಷ್ಟು ಆಗುತ್ತದೆ. ತಿಂಗಳಿಗೆ ಒಂದು ದೊಡ್ಡ ಕೋಳಿಮೊಟ್ಟೆಯಷ್ಟು.

ಇಷ್ಟು ಸಣ್ಣ ಚೀಲ ಬೇಗ ತುಂಬುತ್ತದೆ, ಬೇಗ ಬರಿದಾಗುತ್ತದೆ. ಅದಕ್ಕೇ ಎಳೆಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕೇಳುತ್ತದೆ. ರಾತ್ರಿಯೂ ಕೇಳುತ್ತದೆ. "ಈಗ ತಾನೇ ಕುಡೀತು, ಮತ್ತ ಅಳತೈತಿ, ಹಾಲು ಸಾಲವಲ್ದು" ಎಂದು ಹೆದರಬೇಡಿ.

ಹಾಲು ಸಾಲುತ್ತದೋ ಇಲ್ಲವೋ ತಿಳಿಯಲು ಎರಡು ಗುರುತು ಇವೆ. ಮೊದಲನೆಯದು ಉಚ್ಚೆ. ಹುಟ್ಟಿ ಒಂದು ವಾರ ಆದ ಮೇಲೆ ಕೂಸು ದಿನಕ್ಕೆ 6 ಸಲವಾದರೂ ಉಚ್ಚೆ ಹೊಯ್ಯಬೇಕು. ಎರಡನೆಯದು ತೂಕ. ಮೊದಲ ತಿಂಗಳುಗಳಲ್ಲಿ ಕೂಸು ತಿಂಗಳಿಗೆ ಅರ್ಧ ಕಿಲೋ ಆದರೂ ಹೆಚ್ಚಬೇಕು. ಈ ಎರಡೂ ಸರಿ ಇದ್ದರೆ ನಿಮ್ಮ ಹಾಲು ಸಾಲುತ್ತದೆ. ಅತ್ತೆಮ್ಮನಿಗೂ ಹಾಗೆಯೇ ಹೇಳಿ.

ಕಕ್ಕ ಮಾಡುವುದರ ಬಗ್ಗೆಯೂ ಗಾಬರಿ ಬೇಡ. ತಾಯಿ ಹಾಲು ಕುಡಿಯುವ ಕೂಸು ದಿನಕ್ಕೆ ಏಳೆಂಟು ಸಲ ಹಳದಿಯಾಗಿ, ತೆಳ್ಳಗೆ ಮಾಡಬಹುದು. ಒಂದೂವರೆ ತಿಂಗಳು ದಾಟಿದ ಮೇಲೆ ಕೆಲವು ಕೂಸುಗಳು ನಾಲ್ಕೈದು ದಿನಕ್ಕೊಮ್ಮೆ ಮಾಡುತ್ತವೆ. ಕೂಸು ಆಡಿಕೊಂಡಿದ್ದು, ಹೊಟ್ಟೆ ಮೆತ್ತಗಿದ್ದು, ಕಕ್ಕವೂ ಮೆತ್ತಗಿದ್ದರೆ ಅದು ರೋಗವಲ್ಲ.

ಸಂಜೆಯ ಅಳು

ಹಾಲು ಕುಡಿದಿದೆ. ಬಟ್ಟೆ ಒಣಗಿದೆ. ಜ್ವರ ಇಲ್ಲ. ಆದರೂ ಸಂಜೆ ಆದ ಕೂಡಲೇ ಕೂಸು ಎರಡು ಮೂರು ತಾಸು ಅಳುತ್ತದೆ. ಏನು ಮಾಡಿದರೂ ಸುಮ್ಮನಾಗುವುದಿಲ್ಲ. ಆಮೇಲೆ ಏನೂ ಆಗದ ಹಾಗೆ ಮಲಗುತ್ತದೆ. ಮಾರನೇ ಸಂಜೆ ಮತ್ತೆ ಶುರು.

ಇದು ನಮ್ಮ ಊರಿನ ಕೂಸಿಗೆ ಮಾತ್ರ ಬಂದದ್ದಲ್ಲ. ಲೋಕದ ಎಲ್ಲ ದೇಶಗಳ ಕೂಸುಗಳೂ ಹೀಗೆ ಅಳುತ್ತವೆ. 1954ರಲ್ಲಿ ಅಮೆರಿಕದ ಮಕ್ಕಳ ಡಾಕ್ಟರ್ ಮಾರಿಸ್ ವೆಸೆಲ್ ಇದಕ್ಕೆ ಮೂರರ ಲೆಕ್ಕ ಹೇಳಿದರು. ದಿನಕ್ಕೆ 3 ತಾಸಿಗಿಂತ ಹೆಚ್ಚು, ವಾರಕ್ಕೆ 3 ದಿನಕ್ಕಿಂತ ಹೆಚ್ಚು, 3 ವಾರಕ್ಕಿಂತ ಹೆಚ್ಚು ಕಾಲ ಅಳುವುದು. ಡಾಕ್ಟರರು ಇದನ್ನು ಕಾಲಿಕ್ ಎನ್ನುತ್ತಾರೆ.

ಈ ಅಳು ಹುಟ್ಟಿದ ಎರಡು ವಾರಕ್ಕೆ ಶುರುವಾಗುತ್ತದೆ. ಒಂದೂವರೆ ತಿಂಗಳ ಹೊತ್ತಿಗೆ ಎಲ್ಲಕ್ಕಿಂತ ಜಾಸ್ತಿ ಇರುತ್ತದೆ. ಮೂರು ನಾಲ್ಕು ತಿಂಗಳಿಗೆ ತಾನಾಗಿಯೇ ನಿಲ್ಲುತ್ತದೆ. ಯಾಕೆ ಬರುತ್ತದೆ ಎಂಬುದಕ್ಕೆ ಒಂದೇ ಕಾರಣ ಸಿಕ್ಕಿಲ್ಲ. ಎಳೆಗೂಸಿನ ಕರುಳು ಇನ್ನೂ ಪಳಗಿರುವುದಿಲ್ಲ. ಅಳುವಾಗ ಗಾಳಿ ನುಂಗುತ್ತದೆ. ಹೊಟ್ಟೆ ಉಬ್ಬುತ್ತದೆ, ಮತ್ತಷ್ಟು ಅಳುತ್ತದೆ. ದಿನವಿಡೀ ನೋಡಿದ್ದು, ಕೇಳಿದ್ದು ಎಲ್ಲ ಸೇರಿ ಸಂಜೆಗೆ ಕೂಸು ದಣಿದಿರುತ್ತದೆ.

ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಸಂಜೆ ಅಳುವ ಈ ಕೂಸು ಹಾಲು ಚೆನ್ನಾಗಿ ಕುಡಿಯುತ್ತದೆ. ತೂಕ ಹೆಚ್ಚುತ್ತದೆ. ಉಳಿದ ಹೊತ್ತು ನಗುತ್ತದೆ. ಹಾಗಿದ್ದರೆ ಅದಕ್ಕೆ ರೋಗ ಇಲ್ಲ.

ಗಾಳಿ ಹೊರಗೆ ಬರಲಿ

ಅಳುವ ಕೂಸಿಗೆ ನಮ್ಮ ಕೈಯಲ್ಲೇ ಉಪಾಯಗಳಿವೆ. ಒಂದು ಪೈಸೆಯೂ ಬೇಡ.

ಹಾಲು ಕುಡಿಸುವಾಗ ಮೊಲೆತೊಟ್ಟು ಮಾತ್ರ ಅಲ್ಲ, ಅದರ ಸುತ್ತಲಿನ ಕಪ್ಪು ಭಾಗವೂ ಕೂಸಿನ ಬಾಯೊಳಗೆ ಹೋಗಬೇಕು. ಆಗ ಗಾಳಿ ಕಡಿಮೆ ಹೋಗುತ್ತದೆ. ಒಂದು ಕಡೆಯ ಹಾಲು ಪೂರ್ತಿ ಕುಡಿದ ಮೇಲೆ ಇನ್ನೊಂದು ಕಡೆ ಕೊಡಿ. ಮೊದಲು ಬರುವ ಹಾಲು ನೀರಾಗಿ, ಸಿಹಿಯಾಗಿ ಇರುತ್ತದೆ. ಕೊನೆಗೆ ಬರುವ ಹಾಲಲ್ಲಿ ಕೆನೆ ಇರುತ್ತದೆ. ಅರ್ಧಕ್ಕೆ ಬಿಡಿಸಿ ಕಡೆ ಬದಲಿಸಿದರೆ ಕೂಸಿಗೆ ಬರೀ ಸಿಹಿ ಹಾಲು ಹೋಗಿ ಹೊಟ್ಟೆ ಉಬ್ಬಬಹುದು.

ಕುಡಿದ ಮೇಲೆ ಕೂಸನ್ನು ಹೆಗಲಿಗೆ ಹಾಕಿಕೊಳ್ಳಿ. ಬೆನ್ನು ಮೆಲ್ಲಗೆ ತಟ್ಟಿ. ತೇಗು ಬರಲಿ. ತೇಗಿನ ಜೊತೆ ಸ್ವಲ್ಪ ಹಾಲು ಮೊಸರಿನ ಹಾಗೆ ಹೊರಗೆ ಬಂದರೆ ಹೆದರಬೇಡಿ. ಹತ್ತು ನಿಮಿಷ ಹಾಗೇ ಎತ್ತಿಕೊಂಡಿರಿ. ಕುಡಿದ ಕೂಡಲೇ ತೊಟ್ಟಿಲು ಜೋರಾಗಿ ತೂಗಬೇಡಿ.

ಹೊಟ್ಟೆ ಬಿಗಿದಿದ್ದರೆ ಕೂಸನ್ನು ಅಂಗಾತ ಮಲಗಿಸಿ. ಎರಡೂ ಕಾಲು ಹಿಡಿದು ಸೈಕಲ್ ತುಳಿಯುವ ಹಾಗೆ ಮೆಲ್ಲಗೆ ಆಡಿಸಿ. ಬೆಚ್ಚನೆಯ ಅಂಗೈಯಿಂದ ಹೊಕ್ಕುಳ ಸುತ್ತ, ಗಡಿಯಾರದ ಮುಳ್ಳು ತಿರುಗುವ ಕಡೆಗೆ ಸವರಿ. ಹೂಸು ಹೋದರೆ ಕೂಸಿಗೆ ಹಗುರವಾಗುತ್ತದೆ. ಎಚ್ಚರ ಇರುವಾಗ ನಿಮ್ಮ ತೊಡೆಯ ಮೇಲೆ ಬೋರಲು ಹಾಕಿಕೊಂಡು ಬೆನ್ನು ಸವರಬಹುದು. ಮಲಗಿಸುವಾಗ ಮಾತ್ರ ಅಂಗಾತವೇ ಮಲಗಿಸಿ.

ಎತ್ತಿಕೊಳ್ಳಿ. ಎದೆಗೆ ಒತ್ತಿಕೊಂಡು ಅಡ್ಡಾಡಿ. ಜೋಗುಳ ಹಾಡಿ. "ಎತ್ತಿಕೊಂಡರ ರೂಢಿ ಆಗತೈತಿ" ಎಂಬ ಮಾತಿಗೆ ಕಿವಿ ಕೊಡಬೇಡಿ. 1986ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಡಾಕ್ಟರರು ಒಂದು ಪರೀಕ್ಷೆ ಮಾಡಿದರು. ದಿನದಲ್ಲಿ ಹೆಚ್ಚು ಹೊತ್ತು ಎತ್ತಿಕೊಂಡ ಕೂಸುಗಳು ಕಡಿಮೆ ಅತ್ತವು. ಕೂಸನ್ನು ಕಂಕುಳಲ್ಲೇ ಇಟ್ಟುಕೊಂಡು ಕೆಲಸ ಮಾಡಿದ ನಮ್ಮ ಅಜ್ಜಿಯರಿಗೆ ಇದು ಹೊಸ ಸುದ್ದಿಯೇನಲ್ಲ.

ತಾಯಿ ಹಾಲು ಕೆಡುವುದಿಲ್ಲ

"ಬಿಸಿಲಾಗ ದುಡಿದು ಬಂದೀದಿ, ಹಾಲು ಕಾದೈತಿ, ಹಿಂಡಿ ಚೆಲ್ಲು" ಅಂತಾರೆ. ಇದು ನಿಜವಲ್ಲ. ಎಷ್ಟು ಬಿಸಿಲಲ್ಲಿ ದುಡಿದರೂ ಎದೆಯೊಳಗೆ ಹಾಲು ಕಾಯುವುದಿಲ್ಲ, ಹುಳಿಯುವುದಿಲ್ಲ. ಕೈ ತೊಳೆದುಕೊಳ್ಳಿ. ಎದೆಯ ಬೆವರು ಒರೆಸಿಕೊಳ್ಳಿ. ಒಂದು ಚೊಂಬು ನೀರು ಕುಡಿಯಿರಿ. ಕೂಸಿಗೆ ಹಾಲು ಕೊಡಿ. ಅಷ್ಟೇ.

"ಬಾಣಂತಿಗೆ ನೀರು ಕೊಡಬಾರದು, ಕೂಸಿಗೆ ಶೀತ ಆಗತೈತಿ" ಅಂತಾರೆ. ಇದೂ ನಿಜವಲ್ಲ. ಬಾಣಂತಿಗೆ ಬಾಯಾರಿದಷ್ಟು ನೀರು ಬೇಕು. ಜೋಳದ ರೊಟ್ಟಿ, ಬೇಳೆ, ಸೊಪ್ಪು, ಕಾಯಿಪಲ್ಲೆ, ಹಾಲು, ಮೊಟ್ಟೆ ಎಲ್ಲ ಬೇಕು. ತಾಯಿ ಒಂದು ದಿನ ಬದನೆಕಾಯಿ ತಿಂದರೆ ಕೂಸಿನ ಹೊಟ್ಟೆ ನುಲಿಯುವುದಿಲ್ಲ. ಬಾಣಂತಿಯ ಬಾಯಿ ಕಟ್ಟಿದರೆ ಸೊರಗುವುದು ಬಾಣಂತಿ.

ಆರು ತಿಂಗಳ ತನಕ ಕೂಸಿಗೆ ತಾಯಿ ಹಾಲು ಒಂದೇ ಸಾಕು. ಬೇಸಿಗೆಯಲ್ಲೂ ನೀರು ಬೇಡ. ತಾಯಿ ಹಾಲಿನಲ್ಲೇ ಬೇಕಾದಷ್ಟು ನೀರಿದೆ. ಸೆಕೆ ಇದ್ದರೆ ಇನ್ನೆರಡು ಸಲ ಹೆಚ್ಚು ಹಾಲು ಕೊಡಿ.

ಚುಟಿಗೆ ಬೇಡ

ಈಗ ಒಂದು ಕಹಿ ಮಾತು. ಕೂಸು ಅತ್ತರೆ, ಹೊಟ್ಟೆ ಉಬ್ಬಿದರೆ ಚುಟಿಗೆ ಹಾಕಿಸುವವರು ನಮ್ಮ ಕಡೆ ಇನ್ನೂ ಇದ್ದಾರೆ. ಕಾದ ಬಳೆಚೂರು, ಕಾದ ಸೂಜಿ, ಊದಿನಕಡ್ಡಿಯ ಕೆಂಡ. ಎಳೆಯ ಹೊಟ್ಟೆಯ ಮೇಲೆ ಇಡುತ್ತಾರೆ. ಕೂಸು ಚೀರುತ್ತದೆ. ಚೀರಿ ಚೀರಿ ಸುಸ್ತಾಗಿ ಮಲಗುತ್ತದೆ. "ನೋಡು, ವಾಸಿ ಆತು" ಅಂತಾರೆ.

ವಾಸಿ ಆಗಿರುವುದಿಲ್ಲ. ಕೂಸು ನೋವಿಗೆ ದಣಿದು ಮಲಗಿರುತ್ತದೆ. ಕೂಸಿನ ಚರ್ಮ ನಮ್ಮ ಚರ್ಮಕ್ಕಿಂತ ತೆಳ್ಳಗೆ. ಸುಟ್ಟ ಗಾಯ ಕೀವಾಗುತ್ತದೆ. ನಂಜು ರಕ್ತಕ್ಕೆ ಸೇರಿದರೆ ಜೀವಕ್ಕೇ ಅಪಾಯ. ಅಷ್ಟೇ ಅಲ್ಲ, ಒಳಗೆ ನಿಜವಾದ ರೋಗ ಇದ್ದರೆ ಆಸ್ಪತ್ರೆಗೆ ಹೋಗುವುದು ತಡವಾಗುತ್ತದೆ. ಆ ಒಂದು ದಿನದ ತಡದಲ್ಲೇ ಕೂಸು ಕೈಬಿಟ್ಟು ಹೋಗಬಹುದು.

ಹಾಗಾದರೆ ಹಿರಿಯರು ಹೇಳಿದ್ದೆಲ್ಲ ತಪ್ಪೇ? ಅಲ್ಲ. ಎಣ್ಣೆ ಹಚ್ಚಿ ಮೆಲ್ಲಗೆ ತೀಡುವುದು, ತೂಗುವುದು, ಎದೆಗೆ ಅಪ್ಪಿಕೊಳ್ಳುವುದು ಒಳ್ಳೆಯದು. ಅದನ್ನು ಉಳಿಸಿಕೊಳ್ಳಿ. ದೃಷ್ಟಿ ತೆಗೆದರೆ ತೆಗೆಯಲಿ, ಆದರೆ ಮೆಣಸಿನಕಾಯಿ ಹೊಗೆ ಕೂಸಿನ ಮೂಗಿಗೆ ಹೋಗದಿರಲಿ. ಕೂಸಿನ ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು ಬೇಡ. ಔಡಲೆಣ್ಣೆ ಕುಡಿಸುವುದು ಬೇಡ. ಬಜೆ ತೇದು ನೆಕ್ಕಿಸುವುದು ಬೇಡ. ಎಷ್ಟು ತೇದರೆ ಎಷ್ಟು ಮದ್ದು ಎಂಬ ಅಳತೆ ಅದಕ್ಕಿಲ್ಲ. ತೇಯುವ ಕಲ್ಲೂ ಚೊಕ್ಕಟ ಇರುವುದಿಲ್ಲ. ಒಂದು ವರ್ಷ ತುಂಬುವ ತನಕ ಜೇನುತುಪ್ಪ ನೆಕ್ಕಿಸಬೇಡಿ. ಅದರಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಕೂಸಿನ ಕರುಳಲ್ಲಿ ವಿಷ ಮಾಡುತ್ತದೆ.

ಬಾಟಲಿ ಓದಿ ನೋಡಿ

ಗ್ರೈಪ್ ವಾಟರ್ ಎಲ್ಲರಿಗೂ ಗೊತ್ತು. ಇದನ್ನು 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಊರಿನಲ್ಲಿ ವಿಲಿಯಂ ವುಡ್‌ವರ್ಡ್ ಎಂಬುವವರು ಮಾಡಿದರು. ಆಗ ಅದರಲ್ಲಿ ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆ ಇದ್ದವು. ಜೊತೆಗೆ ಸ್ವಲ್ಪ ಮದ್ಯವೂ ಇತ್ತು! ಮುಂದೆ ಮದ್ಯವನ್ನು ತೆಗೆದರು. ಆದರೆ ಗ್ರೈಪ್ ವಾಟರ್ ಕುಡಿದರೆ ಸಂಜೆಯ ಅಳು ನಿಲ್ಲುತ್ತದೆ ಎಂಬುದಕ್ಕೆ ಸರಿಯಾದ ಪುರಾವೆ ಇಲ್ಲ. ಸಿಹಿ ನಾಲಿಗೆಗೆ ತಾಗಿದಾಗ ಕೂಸು ಒಂದು ಗಳಿಗೆ ಸುಮ್ಮನಾಗುತ್ತದೆ. ಅಷ್ಟಕ್ಕೆ ದುಡ್ಡು ಕೊಡಬೇಕೇ?

ನಿದ್ದೆ ಬರಿಸುವ ಔಷಧಿಯಂತೂ ಬೇಡವೇ ಬೇಡ. 1920ರ ಸುಮಾರಿಗೆ ಮುಂಬಯಿಯ ಬಟ್ಟೆ ಗಿರಣಿಗಳಿಗೆ ದುಡಿಯಲು ಹೋಗುವ ತಾಯಂದಿರು ಕೂಸುಗಳಿಗೆ ಅಫೀಮಿನ ಗುಳಿಗೆ ತಿನ್ನಿಸಿ ಹೋಗುತ್ತಿದ್ದರು. ಅದನ್ನು ಬಾಲಗೋಲಿ ಎನ್ನುತ್ತಿದ್ದರು. ಕೂಸು ದಿನವಿಡೀ ಮಲಗುತ್ತಿತ್ತು. ಹಸಿವಾದರೂ ಏಳುತ್ತಿರಲಿಲ್ಲ. ಆ ತಾಯಂದಿರಿಗೆ ಬೇರೆ ದಾರಿ ಇರಲಿಲ್ಲ. ಇವತ್ತು ಅಫೀಮು ಇಲ್ಲ. ಆದರೆ ಕೂಸು ಮಲಗಲಿ ಎಂದು ಕೆಮ್ಮಿನ ಸಿರಪ್ ಕುಡಿಸುವುದೂ ಅದೇ ದಾರಿ.

ಹಾಲಿನ ಪುಡಿ ಡಬ್ಬಿಯನ್ನೂ ಓದಿ. 1992ರಲ್ಲಿ ನಮ್ಮ ದೇಶದಲ್ಲಿ ಒಂದು ಕಾನೂನು ಬಂತು. ಕೂಸಿನ ಹಾಲಿನ ಪುಡಿ ಡಬ್ಬಿಯ ಮೇಲೆ ಕೂಸಿನ ಚಿತ್ರ ಹಾಕುವಂತಿಲ್ಲ. ತಾಯಿ ಹಾಲೇ ಕೂಸಿಗೆ ಉತ್ತಮ ಎಂದು ಅದರ ಮೇಲೇ ಬರೆಯಬೇಕು. ಮಾರುವವರೇ ಹಾಗೆ ಬರೆಯಬೇಕಾದರೆ ನಾವು ಯೋಚನೆ ಮಾಡಬೇಕಲ್ಲವೇ?

ಕೂಲಿಗೆ ಹೋಗುವ ತಾಯಿ

"ನೀವು ಹೇಳೋದು ಖರೆ ಐತಿ ಟೀಚರ್, ಆದರ ಕೂಲಿಗೆ ಹೋಗದಿದ್ದರ ನಡೆಯಂಗಿಲ್ಲ" ಎಂದು ನೀವು ಕೇಳುತ್ತೀರಿ. ಶೇಂಗಾ ಕೀಳಬೇಕು. ಈರುಳ್ಳಿ ಕೊಯ್ಯಬೇಕು. ಹಡಗಲಿ ಕಡೆ ಬೆಳಗಿನ ಜಾವಕ್ಕೇ ಎದ್ದು ಮಲ್ಲಿಗೆ ಬಿಡಿಸಬೇಕು. ಕೆಲವರು ಗುಳೆ ಹೋಗಬೇಕು.

ಆದರೆ ಕೂಸನ್ನು ಜೊತೆಗೆ ಕರೆದೊಯ್ಯಿರಿ. ಮರದ ನೆರಳಲ್ಲಿ ಜೋಳಿಗೆ ಕಟ್ಟಿ. ಕೂಸು ಅತ್ತಾಗ ಹಾಲು ಕೊಡಿ. ಮನೆಯಲ್ಲಿ ಬಿಟ್ಟು ಹೋಗಲೇಬೇಕಾದರೆ ಎದೆಹಾಲನ್ನು ಹಿಂಡಿ ಇಡಬಹುದು. ಕೈ ತೊಳೆದು, ಕುದಿಸಿದ ಬಟ್ಟಲಿನಲ್ಲಿ ಹಿಂಡಿ, ಮುಚ್ಚಿ, ತಂಪಾದ ಕಡೆ ಇಡಿ. ನಮ್ಮ ಸೆಕೆಗೆ ನಾಲ್ಕು ತಾಸಿನೊಳಗೆ ಅದನ್ನು ಕುಡಿಸಬೇಕು. ಒಳಲೆಯಲ್ಲಿ ಅಥವಾ ಚಮಚೆಯಲ್ಲಿ ಕುಡಿಸಲಿ. ರಬ್ಬರ್ ತೊಟ್ಟಿನ ಬಾಟಲಿ ಬೇಡ. ಅದನ್ನು ಎಷ್ಟು ತೊಳೆದರೂ ಮೂಲೆಯಲ್ಲಿ ಹಾಲು ಉಳಿದು ಹುಳಿಯುತ್ತದೆ. ಅದರಿಂದಲೇ ಭೇದಿ ಬರುತ್ತದೆ.

ಭೇದಿ ಶುರುವಾದರೆ ಎದೆಹಾಲು ನಿಲ್ಲಿಸಬೇಡಿ. ಎರಡು ತಿಂಗಳೊಳಗಿನ ಕೂಸಾದರೆ ನೇರ ಆಸ್ಪತ್ರೆಗೆ ಹೋಗಿ. ದೊಡ್ಡ ಕೂಸಿಗೆ ಆಶಾ ಅಕ್ಕ ಕೊಡುವ ಓಆರ್‌ಎಸ್ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಹಾಕಿ. ಚಮಚೆಯಿಂದ ಸ್ವಲ್ಪ ಸ್ವಲ್ಪ ಕುಡಿಸಿ. 24 ತಾಸಿನ ಮೇಲೆ ಉಳಿದದ್ದನ್ನು ಚೆಲ್ಲಿ. ಜೊತೆಗೆ ಕೊಡುವ ಜಿಂಕ್ ಗುಳಿಗೆಯನ್ನು, ಭೇದಿ ನಿಂತರೂ, 14 ದಿನ ಕೊಡಿ. ಆರು, ಹತ್ತು, ಹದಿನಾಲ್ಕು ವಾರಕ್ಕೆ ಬಾಯಿಗೆ ಹಾಕುವ ರೋಟಾ ಲಸಿಕೆ ತಪ್ಪಿಸಬೇಡಿ. ಅದು ದೊಡ್ಡ ಭೇದಿಯನ್ನು ತಡೆಯುತ್ತದೆ.

ಈ ಅಳಿಗೆ ತಡ ಮಾಡಬೇಡಿ

ಕೆಳಗಿನ ಗುರುತುಗಳಲ್ಲಿ ಒಂದು ಕಂಡರೂ ಅದು ಸಂಜೆಯ ಅಳು ಅಲ್ಲ. ಕೂಡಲೇ ಆಸ್ಪತ್ರೆಗೆ ಹೋಗಿ.

1. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಅಥವಾ ಮೈ ತಣ್ಣಗಾದರೆ.
2. ಹಾಲು ಕುಡಿಯುವುದನ್ನು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ.
3. ಹಸಿರು ಬಣ್ಣದ ವಾಂತಿ ಆದರೆ, ವಾಂತಿಯಲ್ಲಿ ರಕ್ತ ಇದ್ದರೆ, ಕುಡಿದದ್ದೆಲ್ಲ ದೂರಕ್ಕೆ ಚಿಮ್ಮಿ ಬಂದರೆ.
4. ಕಕ್ಕದಲ್ಲಿ ರಕ್ತ ಅಥವಾ ಕೆಂಪು ಲೋಳೆ ಕಂಡರೆ.
5. ಹೊಟ್ಟೆ ಕಲ್ಲಿನ ಹಾಗೆ ಬಿಗಿದು, ಕಕ್ಕವೂ ಇಲ್ಲ, ಹೂಸೂ ಇಲ್ಲ ಎಂದಾದರೆ.
6. ಕಾಲು ಎಳೆದುಕೊಂಡು ಕಿಟಾರನೆ ಚೀರಿ, ಬಿಳಿಚಿಕೊಂಡು, ಸುಮ್ಮನಾಗಿ, ಸ್ವಲ್ಪ ಹೊತ್ತಿಗೆ ಮತ್ತೆ ಚೀರಿದರೆ. ಆಗ ಕರುಳೊಳಗೆ ಕರುಳು ಸೇರಿಕೊಂಡಿರಬಹುದು.
7. ತೊಡೆಸಂದಿನ ಗಂಟು ಗಟ್ಟಿಯಾಗಿ, ಮುಟ್ಟಿದರೆ ಚೀರಿದರೆ.
8. ಉಸಿರು ಜೋರಾದರೆ, ಫಿಟ್ಸ್ ಬಂದರೆ, ನೆತ್ತಿ ಉಬ್ಬಿದರೆ ಅಥವಾ ಒಳಗೆ ಕುಸಿದರೆ.
9. ಎಂಟು ತಾಸು ಉಚ್ಚೆ ಹೊಯ್ಯದಿದ್ದರೆ.

ರಾತ್ರಿಯಾದರೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸಿಗೆ ದುಡ್ಡು ಕೊಡಬೇಕಾಗಿಲ್ಲ.

ತಾಯಿಯೂ ಅಳುತ್ತಾಳೆ

ಕೂಸು ತಾಸುಗಟ್ಟಲೆ ಅತ್ತರೆ ತಾಯಿಗೂ ತಲೆ ಕೆಡುತ್ತದೆ. ಸಿಟ್ಟು ಬರುತ್ತದೆ. ಅದು ತಪ್ಪಲ್ಲ. ಆದರೆ ಸಿಟ್ಟಿನಲ್ಲಿ ಕೂಸನ್ನು ಹಿಡಿದು ಅಲುಗಾಡಿಸಬೇಡಿ. ಕೂಸಿನ ಕುತ್ತಿಗೆ ಇನ್ನೂ ಬಲಿತಿಲ್ಲ. ಅಲುಗಾಡಿಸಿದರೆ ಮಿದುಳಿನಲ್ಲಿ ರಕ್ತ ಬರಬಹುದು. ಸಿಟ್ಟು ತಡೆಯಲು ಆಗದಿದ್ದರೆ ಕೂಸನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ. ಹೊರಗೆ ಬಂದು ಮುಖಕ್ಕೆ ನೀರು ಹಾಕಿಕೊಳ್ಳಿ. ಯಾರನ್ನಾದರೂ ಕರೆಯಿರಿ.

ಕೂಸು ಗಂಡನದೂ ಹೌದು. ಸಂಜೆ ಒಂದು ತಾಸು ಅವರೂ ಎತ್ತಿಕೊಂಡು ಅಡ್ಡಾಡಲಿ. ಮನೆಯ ಹಿರಿಯರೇ, ಸೊಸೆಯನ್ನು ಬೈಯುವ ಬದಲು "ಕೊಡವ್ವಾ, ನಾನು ಎತ್ತಿಕೊಳ್ತೀನಿ, ನೀನು ಸ್ವಲ್ಪ ಮಲಗು" ಅನ್ನಿ. ಅದಕ್ಕಿಂತ ದೊಡ್ಡ ಮದ್ದಿಲ್ಲ.

ಹೆರಿಗೆಯಾದ ಮೇಲೆ ಎರಡು ವಾರ ಕಳೆದರೂ ಬಾಣಂತಿ ಅಳುತ್ತಲೇ ಇದ್ದರೆ, ಊಟ ಬೇಡ, ನಿದ್ದೆ ಇಲ್ಲ, ಕೂಸೂ ಬೇಡ ಅಂದರೆ ಅದು ಸೊಕ್ಕಲ್ಲ. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಆಶಾ ಅಕ್ಕನಿಗೆ ತಿಳಿಸಿ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಅಕ್ಕ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ನೋಡಬೇಕು. ಬಂದಾಗ ಕೂಸಿನ ಸಂಗತಿ ಮಾತ್ರ ಅಲ್ಲ, ನಿಮ್ಮ ಸಂಗತಿಯನ್ನೂ ಹೇಳಿ.

ಕಲಿತ ಅಕ್ಷರ ಕೂಸಿಗೆ ನೆರವಾಗಲಿ

ಈಗ ನಿಮಗೆ ಅಕ್ಷರ ಬರುತ್ತದೆ, ಅಂಕಿ ಬರುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ದಿನದ ಕೆಳಗೆ ಬರೆಯಿರಿ. ಕೂಸು ಎಷ್ಟು ಗಂಟೆಗೆ ಅಳಲು ಶುರು ಮಾಡಿತು? ಎಷ್ಟು ಗಂಟೆಗೆ ನಿಲ್ಲಿಸಿತು? ಎಷ್ಟು ಸಲ ಉಚ್ಚೆ ಹೊಯ್ತು? ಒಂದು ವಾರ ಬರೆದರೆ ನಿಮಗೇ ಗೊತ್ತಾಗುತ್ತದೆ. ಡಾಕ್ಟರ್ ಕೇಳಿದಾಗ "ಬಾಳ ಅಳತೈತ್ರಿ" ಎಂದಷ್ಟೇ ಹೇಳಬೇಕಾಗಿಲ್ಲ. ಲೆಕ್ಕ ತೋರಿಸಬಹುದು. ತಾಯಿ ಕಾರ್ಡಿನಲ್ಲಿ ಕೂಸಿನ ತೂಕವನ್ನು ನೀವೇ ಓದಿ. ಯಾವ ಔಷಧಿ ತಂದರೂ ಮುಗಿಯುವ ತಾರೀಖು ನೋಡಿ.

ನೆನಪಿಡಿ

ಅಳುವ ಕೂಸಿನ ಬಟ್ಟೆ ಬಿಚ್ಚಿ ನೋಡಿ.
ಹಾಲು ಕೊಡಿ, ತೇಗು ಬರಿಸಿ, ಎತ್ತಿಕೊಳ್ಳಿ.
ಆರು ತಿಂಗಳು ತಾಯಿ ಹಾಲು ಒಂದೇ ಸಾಕು.
ಚುಟಿಗೆ ಬೇಡ, ಬಜೆ ಬೇಡ, ಜೇನು ಬೇಡ, ನಿದ್ದೆ ಔಷಧಿ ಬೇಡ.
ಅಪಾಯದ ಗುರುತು ಕಂಡರೆ ಆಸ್ಪತ್ರೆಗೆ ಓಡಿ.

ಇದನ್ನು ಇವತ್ತು ಮನೆಗೆ ಹೋಗಿ ಅತ್ತೆಗೆ, ನೆರೆಮನೆಯ ಬಾಣಂತಿಗೆ ಓದಿ ಹೇಳಿ. ನೀವು ಓದುವುದನ್ನು ಅವರು ಕೇಳಲಿ.